ಬಾಣಂತಿ ಮನೆಯ ಹಬ್ಬ



ಮೂಡಣ ದೇಶದಿಂದ ಜೋಯಿಸರು ಬಂದ ಕಥೆಯನ್ನು ನಮ್ಮಜ್ಜಿ ಹೇಳುವಾಗ, ಚಾಮರಾಜಪೇಟೆಯ ಮಕ್ಕಳಾದ ನಮ್ಮ ಕಣ್ಣಿಗೆ ಒಂಟೆ ಏರಿದ ರಾಜರು ಕಾಣುತ್ತಿರಲಿಲ್ಲ. ಕಂಕುಳಲ್ಲಿ ಪಂಚಾಂಗ, ಹೆಗಲ ಮೇಲೆ ಶಲ್ಯ, ಮೊಣಕಾಲವರೆಗೂ ಧೂಳು, ಜಗಲಿಯ ಮೇಲೆ ಕುಳಿತು ಒಂದು ಚೊಂಬು ನೀರು ಕೇಳುವ ಜೋಯಿಸರೇ ಕಾಣುತ್ತಿದ್ದರು. ತಪ್ಪು ನಮ್ಮದಲ್ಲ. ಕನ್ನಡ ಬೈಬಲ್ಲಿನ ಹಳೆಯ ಅನುವಾದದಲ್ಲಿ ಅವರ ಹೆಸರೇ ಜೋಯಿಸರು. ಎದುರುಮನೆಯ ಮಾಮಿ ಒಂದು ಸಂಜೆ ಈ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, "ಅಲ್ಲಾ ಟೀಚರಮ್ಮಾ, ಅಷ್ಟು ದೂರದಿಂದ ಬಂದೋರು ಮಗೂಗೆ ಜಾತಕ ಬರ್ಕೊಟ್ರೋ ಇಲ್ವೋ?" ಎಂದು ಕೇಳಿದ್ದರು. ಅಜ್ಜಿ ಸೂಜಿಯಿಂದ ಕಣ್ಣೆತ್ತದೆ, "ನಕ್ಷತ್ರ ನೋಡ್ಕೊಂಡೇ ಬಂದಿದ್ದಾರಲ್ಲ ಮಾಮಿ, ಇನ್ನು ಬರ್ಯೋದೇನಿದೆ?" ಎಂದಳು.

ಅವರು ತಂದ ಕಾಣಿಕೆಗಳು ಮೂರು: ಚಿನ್ನ, ಧೂಪ, ರಕ್ತಬೋಳ. ಚಿನ್ನ ಅರಸನಿಗೆ, ಧೂಪ ದೇವರಿಗೆ, ಶವಕ್ಕೆ ಹಚ್ಚುವ ರಕ್ತಬೋಳ ಮುಂದೆ ಬರಲಿರುವ ಸಾವಿನ ಸೂಚನೆ ಎಂದು ಸಭಾಪಾಲಕರು ವರ್ಷ ವರ್ಷವೂ ಅರ್ಥ ಹೇಳುತ್ತಿದ್ದರು. ಅಜ್ಜಿ ಚರ್ಚಿನಲ್ಲಿ ತಲೆಯಾಡಿಸಿ, ಮನೆಗೆ ಬಂದು ತನ್ನದೇ ಅರ್ಥ ಹೇಳುವಳು. ಬಾಣಂತಿ ಮನೆಗೆ ಏನು ಒಯ್ಯಬೇಕೋ ಅದನ್ನೇ ಆ ಬುದ್ಧಿವಂತರು ತಂದಿದ್ದಾರೆ. ಮಗುವಿಗೆ ಬಜೆ ತೇಯುವಾಗ ಅದೇ ಕಲ್ಲಿನ ಮೇಲೆ ಎರಡು ಸುತ್ತು ಚಿನ್ನ ತೇಯಬೇಡವೇ? ಎರೆದುಕೊಂಡ ಬಾಣಂತಿಯ ಕೂದಲಿಗೆ, ಮಗುವಿನ ನೆತ್ತಿಗೆ ಸಾಂಬ್ರಾಣಿ ಹೊಗೆ ಬೇಡವೇ? ಇನ್ನು ರಕ್ತಬೋಳ ಗ್ರಂಧಿಗೆ ಅಂಗಡಿಯ ಸಾಮಾನು, ಔಷಧಿ. ಧೂಪವೇ ಬೇರೆ, ಸಾಂಬ್ರಾಣಿಯೇ ಬೇರೆ, ಎರಡೂ ಒಂದೇ ಮರದ ಅಂಟಲ್ಲ ಎಂದು ನಾನು ಕಾಲೇಜಿಗೆ ಹೋದ ಮೇಲೆ ತಿದ್ದಲು ನೋಡಿದೆ. "ಹೊಗೆ ಹೊಗೆನೇ ಕಣೇ" ಎಂದು ಬಿಟ್ಟಳು.

ಈ ಒಂದು ಅರ್ಥದಿಂದಾಗಿ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಎಂದರೆ ಬಾಣಂತಿ ಮನೆಯ ಹಬ್ಬ. ಉಡುಗೊರೆ ಎಂದರೆ ಬಾಣಂತಿಗೆ, ಹಸುಗೂಸಿಗೆ ಏನು ಬೇಕೋ ಅದು. ಅದು ಅಂಗಡಿಯಲ್ಲಿ ಸಿಗುವಂಥದ್ದಾಗಿರಲಿಲ್ಲ. ಡಿಸೆಂಬರ್ ಬಂತೆಂದರೆ ನಮ್ಮ ನಡುಮನೆಯಲ್ಲಿ ಕುಲಾವಿ, ಕುಂಚಿಗೆ ಹೊಲಿಯುವ ಕೆಲಸ.

ಅಜ್ಜಿ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು. ಆ ವಿದ್ಯೆ ಅವಳಿಗೆ ಅವಳ ಅಜ್ಜಿಯಿಂದ ಬಂದದ್ದು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಬರದಲ್ಲಿ ಸಂಸ್ಥಾನದ ಐದು ಜನರಲ್ಲಿ ಒಬ್ಬರು ಹೋದರೆಂದು ಲೆಕ್ಕ. ಉಳಿದ ಅನಾಥ ಮಕ್ಕಳಲ್ಲಿ ಒಬ್ಬಳು ಆ ಮುದುಕಿ. ಮಿಷನ್ನಿನ ಅನಾಥಾಲಯದಲ್ಲಿ ಅವಳಿಗೆ ಅಕ್ಷರದ ಜೊತೆಗೆ ಸೂಜಿ ಹಿಡಿಯುವುದನ್ನೂ ಕಲಿಸಿದರು. ತಾನು ಹುಟ್ಟಿದ ಊರು, ತಾಯಿಯ ಹೆಸರು ಅವಳಿಗೆ ನೆನಪಿರಲಿಲ್ಲವಂತೆ. ತಾಯಿಯ ಸೀರೆಯ ಚುಂಗು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದದ್ದು ಮಾತ್ರ ನೆನಪಿತ್ತಂತೆ. ಈ ಮಾತನ್ನು ನಮ್ಮಜ್ಜಿ ಒಂದೇ ಸಲ ಹೇಳಿದ್ದು. ನಾವೂ ಮತ್ತೆ ಕೇಳಲಿಲ್ಲ.

ಕುಂಚಿಗೆ ಹೊಸ ಬಟ್ಟೆಯಲ್ಲಿ ಆಗುವುದಿಲ್ಲ. ಹೊಸ ಬಟ್ಟೆಯ ಗಂಜಿ ಹಸುಗೂಸಿನ ಮೈಗೆ ಚುಚ್ಚುತ್ತದೆ. ಇಪ್ಪತ್ತು ವರ್ಷ ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ ಬೇಕು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲಿ ಜೀರ್ಣವಾಗಿದೆ, ಎಲ್ಲಿ ಗಟ್ಟಿ ಇದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಮಕ್ಕಳ ಕೆಲಸ. ಅಂಚು, ಸೆರಗಿನ ಜರಿ ತೆಗೆದುಬಿಡಬೇಕು. ಒಂದು ಸೀರೆಯಲ್ಲಿ ಎಂಟೋ ಹತ್ತೋ ಜೊತೆ ಏಳುತ್ತವೆ. ಗುಂಡಿ, ಪಿನ್ನು, ಹುಕ್ಕು ಯಾವುದೂ ಕೂಡದು. ಗಂಟು ಹಾಕುವ ಲಾಡಿ ಮಾತ್ರ, ಅದೂ ಗಿಡ್ಡ, ಮಗುವಿನ ಕತ್ತಿಗೆ ಸುತ್ತಿಕೊಳ್ಳಬಾರದು. ಹೊಲಿಗೆಯ ಮಡಿಕೆ ಹೊರಗೆ ಬರಬೇಕು, ಒಳಗಲ್ಲ. ನೋಡುವವರಿಗೆ ಬಟ್ಟೆ ತಿರುವಿ ಹಾಕಿದಂತೆ ಕಾಣುತ್ತದೆ. "ನೋಡೋರಿಗೆ ಚೆಂದ ಆಗ್ಬೇಕೋ, ಹಾಕ್ಕೊಳ್ಳೋ ಮಗೂಗೆ ಚೆಂದ ಆಗ್ಬೇಕೋ?" ಎನ್ನುವಳು.

ನನಗೆ ಹತ್ತು ವರ್ಷವಿದ್ದಾಗ ನನ್ನಷ್ಟಕ್ಕೆ ನಾನೇ ಒಂದು ಕುಲಾವಿ ಹೊಲಿದೆ. ಬಲು ಹೆಮ್ಮೆಯಿಂದ ತೋರಿಸಿದೆ. ಅಜ್ಜಿ ಏನೂ ಅನ್ನದೆ ಅಡುಗೆಮನೆಗೆ ಹೋಗಿ ಜುಟ್ಟಿರುವ, ಸುಲಿದ ತೆಂಗಿನಕಾಯಿ ತಂದು, ಅದರ ಮೇಲೆ ನನ್ನ ಕುಲಾವಿ ಇಟ್ಟಳು. ಕಾಯಿ ಪೂರ್ತಿ ಮುಚ್ಚಿಹೋಗಿ ಗಲ್ಲ ದಾಟಿ ಇಳಿಯಿತು. ಆಗತಾನೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಹೆಚ್ಚು ಕಡಿಮೆ 34-35 ಸೆಂಟಿಮೀಟರ್. ಒಳ್ಳೆಯ ತೆಂಗಿನಕಾಯಿಯೂ ಅಷ್ಟೇ. ನಾನು ಅಳತೆ ತೆಗೆದದ್ದು ನನ್ನ ತಮ್ಮನ ತಲೆಗೆ. ಅವನಿಗಾಗ ಎಂಟು ವರ್ಷ. ಆ ಕುಲಾವಿ ಬಹಳ ದಿನ ನಮ್ಮನೆಯ ಟೀ ಪಾತ್ರೆಗೆ ಮುಚ್ಚಳವಾಗಿತ್ತು.

ಕುಲಾವಿ ಎಂಬ ಮಾತು ಫಾರಸಿಯ 'ಕುಲಾಹ್' ಎಂಬುದರಿಂದ ನಮಗೆ ಬಂದದ್ದು, ಟೋಪಿ ಎಂದು ಅರ್ಥ. ಮೂಲ ಗ್ರೀಕಿನಲ್ಲಿ ಆ ಜೋಯಿಸರಿಗೆ 'ಮಾಗೊಯ್' ಎಂಬ ಹೆಸರಿದೆ. ಅದೂ ಪರ್ಷಿಯಾದ ಪುರೋಹಿತರ ಹೆಸರು. ಟೋಪಿ, ಜೋಯಿಸರು ಇಬ್ಬರೂ ಒಂದೇ ಸೀಮೆಯವರು ಎಂದು ತಿಳಿದ ದಿನ ಅಜ್ಜಿ ಬದುಕಿರಲಿಲ್ಲ. ಇದ್ದಿದ್ದರೆ, "ನಾನು ಹೇಳ್ಲಿಲ್ವಾ?" ಎಂದು ಮೂರು ದಿನ ಮೆರೆಯುತ್ತಿದ್ದಳು.

ಹೊಲಿದದ್ದು ಎಲ್ಲಿಗೆ ಹೋಗುತ್ತಿತ್ತು ಎನ್ನುತ್ತೀರಿ. ನಮ್ಮ ಮನೆಯಿಂದ ಕೋಟೆ ನಡೆದು ಹೋಗುವ ದಾರಿ. ಬೆಂಗಳೂರು ಕೋಟೆಯೊಳಗೆ ಹಿಂದೆ ಒಂದು ಚರ್ಚಿತ್ತು, ಸಿಪಾಯಿಗಳ ಕಾಲದ್ದು. 1935ರಲ್ಲಿ ಅದು ಚಾಮರಾಜಪೇಟೆಗೆ ಬಂತು. ಈಗ ಪಂಪ ಮಹಾಕವಿ ರಸ್ತೆಯಲ್ಲಿ, ಸಾಹಿತ್ಯ ಪರಿಷತ್ತು ಇರುವ ರಸ್ತೆಯಲ್ಲೇ ಇರುವ ಸೇಂಟ್ ಲ್ಯೂಕ್ಸ್ ಚರ್ಚು ಅದೇ. ಆ ಕೋಟೆಯ ಸರಹದ್ದಿನಲ್ಲಿ, ಟಿಪ್ಪುವಿನ ಅರಮನೆಯ ಮಗ್ಗುಲಲ್ಲಿ, ವಾಣಿವಿಲಾಸ ಆಸ್ಪತ್ರೆ ಇದೆ. ಬೆಂಗಳೂರಿನ ಎಷ್ಟು ಸಾವಿರ ಮಕ್ಕಳು ಅಲ್ಲಿ ಕಣ್ಣು ಬಿಟ್ಟಿದ್ದಾರೋ! ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಜ್ಜಿ, ನಾನು ಬುಟ್ಟಿ ಹೊತ್ತು ಅಲ್ಲಿಗೆ ಹೋಗುತ್ತಿದ್ದೆವು. ಯಾವ ಜಾತಿ, ಯಾವ ಊರು ಎಂದು ಅಜ್ಜಿ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ: "ಎಷ್ಟು ದಿನದ್ದಮ್ಮ?" ಆನೇಕಲ್ಲಿನ ಕಡೆಯ ಒಬ್ಬ ಹುಡುಗಿ ಕುಂಚಿಗೆ ಮುಟ್ಟಿ ನೋಡಿ, "ನಮ್ಮವ್ವನ ಸೀರೆ ಇದ್ದಂಗೈತೆ" ಎಂದು ಅತ್ತದ್ದು ನನಗೆ ಈಗಲೂ ನೆನಪಿದೆ. ಅದು ನಮ್ಮಮ್ಮನ ಸೀರೆಯಾಗಿತ್ತು.

ಇನ್ನು ಗೋದಲಿ. ನಮ್ಮದು ಪ್ರಾಟೆಸ್ಟೆಂಟ್ ಮನೆ, ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿನ ಸಭೆಯವರು. 1904ರ ಕಟ್ಟಡ, ಕನ್ನಡದ ಆರಾಧನೆ, ಕನ್ನಡದ ಕೀರ್ತನೆ. ಗೊಂಬೆ ಇಟ್ಟು ಹಬ್ಬ ಮಾಡುವುದು ನಮ್ಮ ಹಿರಿಯರ ಪದ್ಧತಿಯಲ್ಲ, ಅದು ಕಥೊಲಿಕರದು. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಜೀವಂತ ಎತ್ತು, ಕತ್ತೆ ನಿಲ್ಲಿಸಿ ಮೊದಲ ಗೋದಲಿ ಕಟ್ಟಿದನೆಂದು ಹೇಳುತ್ತಾರೆ. ಆದರೆ ನಮ್ಮ ಮನೆಯ ಗೋದಲಿ ಇಟಲಿಯಿಂದ ಬಂದದ್ದಲ್ಲ. ಎದುರುಮನೆಯಿಂದ ಬಂದದ್ದು.

ಮಾಮಿಯ ಮನೆಯಲ್ಲಿ ನವರಾತ್ರಿಗೆ ಒಂಬತ್ತು ಮೆಟ್ಟಿಲು ಗೊಂಬೆ. ಪಟ್ಟದ ಗೊಂಬೆ ಮೇಲೆ. ಕೆಳಗಿನ ಮೆಟ್ಟಿಲಲ್ಲಿ ಅಕ್ಕಿ, ಬೇಳೆ, ಬೆಲ್ಲದ ಅಂಗಡಿ ಹರವಿ ಕುಳಿತ ಶೆಟ್ಟಿ, ಶೆಟ್ಟಮ್ಮ. ಅದರ ಮುಂದೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಬೆಳೆಸಿದ ಹಸಿರು ಹೊಲ, ಕನ್ನಡಿ ಚೂರಿನ ಕೆರೆ. ಹುಡುಗರಾದ ನಾವು ಒಂದು ವರ್ಷ, "ನಮ್ಮ ಮನೇಲೂ ಗೊಂಬೆ ಕೂರ್ಸೋಣ" ಎಂದು ಹಟ ಹಿಡಿದೆವು. ಅಪ್ಪನಿಗೆ ಇಷ್ಟವಿರಲಿಲ್ಲ. ಅಜ್ಜಿ ಒಂದು ಉಪಾಯ ಮಾಡಿದಳು: ಡಿಸೆಂಬರಿನಲ್ಲಿ ಇಡೋಣ, ಬೇತ್ಲೆಹೇಮ್ ಮಾಡೋಣ. ತಮ್ಮ ಆರ್.ವಿ. ರಸ್ತೆಯಲ್ಲಿ ಗಣೇಶನನ್ನು ಮಾರುವವರಿಂದ ಭಾದ್ರಪದದಲ್ಲೇ ಒಂದಿಷ್ಟು ಜೇಡಿಮಣ್ಣು ಕೇಳಿ ತಂದಿಟ್ಟುಕೊಂಡಿದ್ದ. ಒಣಗಿ ಕಲ್ಲಾಗಿದ್ದ ಅದನ್ನು ಕುಟ್ಟಿ, ನೆನೆಸಿ, ಮರಿಯಳನ್ನೂ ಯೋಸೇಫನನ್ನೂ ಮಾಡಿದ. ಯೋಸೇಫನ ಹೊಟ್ಟೆ ಸ್ವಲ್ಪ ಗಣೇಶನಂತೆಯೇ ಆಯಿತು, ಮಣ್ಣಿಗೆ ಅದೇ ರೂಢಿ ನೋಡಿ. ಕುರುಬರು ಸಾಲಲಿಲ್ಲ. ಮಾಮಿ ಪೆಟ್ಟಿಗೆಯಲ್ಲಿ ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದ ಶೆಟ್ಟಿ, ಶೆಟ್ಟಮ್ಮನನ್ನು ಬಿಚ್ಚಿಕೊಟ್ಟರು. "ಬಾಣಂತಿ ಮನೆ ಅಂದ್ಮೇಲೆ ದಿನಸಿ ಬೇಡ್ವೇ?" ಎಂದರು. ಅಂದಿನಿಂದ ನಮ್ಮ ಬೇತ್ಲೆಹೇಮಿನಲ್ಲಿ ಒಂದು ದಿನಸಿ ಅಂಗಡಿ ಇದೆ. ಶೆಟ್ಟಿ ದಂಪತಿ ನವರಾತ್ರಿ ಮುಗಿಸಿ ಪೆಟ್ಟಿಗೆ ಸೇರುವುದು, ಡಿಸೆಂಬರಿನಲ್ಲಿ ರಸ್ತೆ ದಾಟಿ ನಮ್ಮಲ್ಲಿಗೆ ಬರುವುದು, ಜೋಯಿಸರ ಹಬ್ಬವಾದ ಜನವರಿ 6 ಕಳೆದ ಮೇಲೆ ವಾಪಸು ಹೋಗುವುದು. ಆಮೇಲೆ ಮಾಮಿಯ ಮನೆಯಲ್ಲಿ ಅವರನ್ನು, "ಬೇತ್ಲೆಹೇಮಿಗೆ ಹೋಗಿ ಬಂದ ಶೆಟ್ರು" ಎಂದೇ ತೋರಿಸುತ್ತಿದ್ದರು.

ತಿಂಡಿಯ ವಿಷಯಕ್ಕೆ ಬಂದರೆ ಹೇಳಿ ಮುಗಿಯುವುದಿಲ್ಲ. ಮಲ್ಲೇಶ್ವರದಲ್ಲಿ ನಮ್ಮ ಚಿಕ್ಕಮ್ಮನ ಮನೆ. ಅವರ ಪಕ್ಕದ ಮನೆಯವರು ಮಂಗಳೂರಿನವರು. ಅವರು ಕಳಿಸುವ ತಟ್ಟೆಗೆ ಕುಸ್ವಾರ್ ಎಂದು ಹೆಸರು. ಅದರಲ್ಲಿ ನಾವು ಕಲ್‌ಕಲ್ ಎನ್ನುವ ಸುರುಳಿ ತಿಂಡಿಯೂ ಇರುತ್ತಿತ್ತು. ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡುವುದು. ಅವರ ಕೊಂಕಣಿಯಲ್ಲಿ ಅದು ಕಿಡ್ಯೊ, ಅಂದರೆ ಹುಳುಗಳು! ನಮ್ಮ ಮನೆಯ ತಟ್ಟೆ ಬಯಲುಸೀಮೆಯದು: ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ತಂದು ಒಣಗಿಸಿದ ಬೀಜದ ಉಂಡೆ, ಜೊತೆಗೆ ರೋಸ್ ಕುಕ್ಕೀಸ್. ಈ ರೋಸ್ ಕುಕ್ಕೀಸಿಗೆ ಒಂದು ಅಚ್ಚಿದೆ, ಉದ್ದ ಕಡ್ಡಿಯ ತುದಿಗೆ ಹಿತ್ತಾಳೆಯ ಹೂ. ಅಚ್ಚನ್ನು ಮೊದಲು ಎಣ್ಣೆಯಲ್ಲಿ ಕಾಯಿಸಬೇಕು, ಇಲ್ಲದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಂಚು ಮುಳುಗಿತೋ, ಹೂ ಬಿಟ್ಟುಕೊಳ್ಳುವುದಿಲ್ಲ.

ಅಜ್ಜಿಯ ಕಟ್ಟುನಿಟ್ಟು ಇನ್ನೊಂದಿತ್ತು. ಹಬ್ಬದ ತಿಂಡಿ ಕರಿಯಲು ಕೂತರೆ, ಹೊಸ ಎಣ್ಣೆಯ ಮೊದಲ ಬಾಣಲೆ ಎದುರುಮನೆಯದು. ಮೊಟ್ಟೆ ಹಾಕದ, ಬರೀ ತೆಂಗಿನಹಾಲಿನ ಹಿಟ್ಟು. ಆ ಡಬ್ಬಿ ತುಂಬಿ ಮುಚ್ಚಿ ಪಕ್ಕಕ್ಕಿಟ್ಟ ಮೇಲೆ ಮೊಟ್ಟೆ ಒಡೆಯುವುದು. ಮಾಮಿ ತಿನ್ನುತ್ತಿದ್ದರೇ, ಕೆಲಸದವಳಿಗೆ ಕೊಟ್ಟುಬಿಡುತ್ತಿದ್ದರೇ ಎಂದು ನಾನೊಮ್ಮೆ ಕೇಳಿದ್ದೆ. "ಅದನ್ನ ಕೇಳಬಾರ್ದು" ಎಂದಳು ಅಜ್ಜಿ. ಡಬ್ಬಿ ಖಾಲಿ ವಾಪಸು ಬಂದದ್ದಿಲ್ಲ. ಸಂಕ್ರಾಂತಿಗೆ ಅದೇ ಡಬ್ಬಿಯಲ್ಲಿ ಎಳ್ಳು ಬೆಲ್ಲ.

ಎಳ್ಳು ಬೆಲ್ಲದ ಮಾತು ಬಂತು, ಒಂದು ನಿಮಿಷ ನಿಲ್ಲುತ್ತೇನೆ. ನಾವು ನಡುಮನೆಯಲ್ಲಿ ಕುಲಾವಿ ಹೊಲಿಯುವ ಹೊತ್ತಿಗೆ ಎದುರು ಜಗಲಿಯಲ್ಲಿ ಮಾಮಿ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಅಚ್ಚು ಬೆಲ್ಲ, ಕೊಬ್ಬರಿ ಎರಡನ್ನೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ, ಮೊರದಲ್ಲಿ ಬಿಸಿಲಿಗಿಡುತ್ತಿದ್ದರು. ವಾರಗಟ್ಟಲೆಯ ಕೆಲಸ. ಬೆರಳಿಗೆ ಬೊಕ್ಕೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಹಳೇ ಬೆಂಗಳೂರಿನ ಯಾವ ಬೀದಿಯಲ್ಲಿ ಹೋದರೂ ಆ ತಿಂಗಳು ಟಕಟಕ ಹೆಚ್ಚುವ ಸದ್ದು. ಈಗ ಮೆಷಿನ್ನಿನಲ್ಲಿ ಹೆಚ್ಚಿದ್ದು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಚೌಕಗಳೆಲ್ಲ ಒಂದೇ ಅಳತೆ. ಮಾಮಿಯ ಬೆಲ್ಲದ ಚೂರುಗಳು ಒಂದರಂತೆ ಒಂದಿರುತ್ತಿರಲಿಲ್ಲ.

ಕೈಯಲ್ಲಿ ಮಾಡಿದ್ದೆಲ್ಲ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ರೇಡಿಯೋಗೆ ಕ್ರೋಶದ ಹೊದಿಕೆ, ಆ ಹೊದಿಕೆಯ ಮೇಲಿನ ಹೂದಾನಿಗೆ ಇನ್ನೊಂದು ಕ್ರೋಶದ ತಟ್ಟು. ಯಾರೋ ಪ್ರೀತಿಯಿಂದ ಕೊಟ್ಟದ್ದು, ಎಸೆಯುವಂತಿಲ್ಲ, ಧೂಳು ಹೊಡೆಯುವಂತಿಲ್ಲ. ಮಾಡಿದವರ ಹೆಚ್ಚುಗಾರಿಕೆ ಹೇಳುವ ಉಡುಗೊರೆ ಪಡೆದವರಿಗೆ ಹೊರೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಈ ಕೈಗೆಲಸದ ಕೈಗಳೆಲ್ಲ ಹೆಂಗಸರದು. ನಮ್ಮಮ್ಮ ಇಡೀ ದಿನ ಸ್ಕೂಲಿನಲ್ಲಿ ಪಾಠ ಮಾಡಿ, ರಾತ್ರಿ ಹನ್ನೊಂದರವರೆಗೆ ಅವರೆಕಾಳು ಹಿತಕುತ್ತಿದ್ದಳು. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಹಬ್ಬದ ಊಟಕ್ಕೆ ನಮ್ಮಲ್ಲಿ ಹಿತಕಿದ ಬೇಳೆ ಸಾರು ಇರಲೇಬೇಕು. ಊಟಕ್ಕೆ ಬಂದ ನೆಂಟರು, "ನಿಮ್ಮನೆ ಸಾರಿನ ಮುಂದೆ ಇಲ್ಲ ಬಿಡಿ" ಎಂದು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪನೂ ಆ ಮಾತನ್ನು ಸಂಕೋಚವಿಲ್ಲದೆ ಸ್ವೀಕರಿಸುತ್ತಿದ್ದರು.

ಅಚ್ಚಾದ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೂ ಬಿಡುವಿಲ್ಲದ ಮನುಷ್ಯನೊಬ್ಬನಿಂದಲೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ, ಬಂದ ಕಾಗದಗಳಿಗೆಲ್ಲ ಉತ್ತರ ಬರೆಯಲು ಸಮಯವಿಲ್ಲದೆ, ಹಾರ್ಸ್ಲಿ ಎಂಬ ಚಿತ್ರಕಾರನ ಕೈಲಿ ಒಂದು ಚಿತ್ರ ಬರೆಸಿ ಸಾವಿರ ಪ್ರತಿ ಅಚ್ಚು ಹಾಕಿಸಿದ. ನಾನು ಅವನನ್ನು ಬೈಯುವುದಿಲ್ಲ. ನಮ್ಮಮ್ಮನಿಗೆ ಅಂಥ ಒಂದು ಉಪಾಯ ಯಾರಾದರೂ ಹೇಳಿಕೊಟ್ಟಿದ್ದರೆ ಅವಳೂ ಮಾಡುತ್ತಿದ್ದಳು.

ನನಗೆ ಮೊದಲ ಸಂಬಳ ಬಂದ ವರ್ಷ ಅಜ್ಜಿಗೆ ಕಮರ್ಷಿಯಲ್ ಸ್ಟ್ರೀಟಿನಿಂದ ಒಂದು ಸ್ವೆಟರ್ ತಂದೆ. ತಿಳಿನೀಲಿ, ನಯವಾದ ಉಣ್ಣೆ, ಬೆಲೆಯೂ ನನ್ನ ಕೈಗೆ ಮೀರಿದ್ದೇ. ಹಬ್ಬದ ದಿನ ಹಾಕಿಕೊಂಡು ಚರ್ಚಿಗೆ ಬಂದಳು. ಸಿಕ್ಕಿದವರಿಗೆಲ್ಲ, "ಮೊಮ್ಮಗಳು ಕೊಡ್ಸಿದ್ದು" ಎಂದು ತೋರಿಸಿದಳು. ಮರುವರ್ಷ ಡಿಸೆಂಬರಿನಲ್ಲಿ ನೋಡುತ್ತೇನೆ, ಬುಟ್ಟಿಯಲ್ಲಿ ತಿಳಿನೀಲಿ ನೂಲಿನ ಉಂಡೆಗಳು. ಸ್ವೆಟರನ್ನು ಮೊದಲಿನಿಂದ ಕೊನೆಯವರೆಗೆ ಬಿಚ್ಚಿ, ಒದ್ದೆ ಮಾಡಿ ಸುಕ್ಕು ಬಿಡಿಸಿ, ಕುಲಾವಿ ಹೆಣೆಯುತ್ತ ಕೂತಿದ್ದಳು. ನನಗೆ ಅಳುವೇ ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವಳೇ ಬಂದು ಪಕ್ಕದಲ್ಲಿ ಕುಳಿತು, "ನಂಗಿರೋದು ಒಂದ್ ತಲೆ ಕಣೇ. ಅದರಲ್ಲಿ ಎಂಟು ತಲೆ ಬೆಚ್ಚಗಾಗ್ತವೆ" ಎಂದಳು. ಸ್ವಲ್ಪ ತಡೆದು, "ಉಣ್ಣೆ ಮಾತ್ರ ಬಲು ಚೆನ್ನಾಗಿದೆ. ಎಷ್ಟು ಕೊಟ್ಟೆ?" ಎಂದು ಕೇಳಿದಳು. ನಾನು ಅರ್ಧ ಬೆಲೆ ಹೇಳಿದೆ. ಅದಕ್ಕೂ ಅವಳು "ಅಯ್ಯೋ" ಎಂದಳು.

ಆ ವರ್ಷ ವಾಣಿವಿಲಾಸದ ವಾರ್ಡಿನಲ್ಲಿ ತಿಳಿನೀಲಿ ಟೋಪಿಯ ಎಂಟು ಮಕ್ಕಳು ಸಾಲಾಗಿ ಮಲಗಿದ್ದನ್ನು ನಾನೇ ನೋಡಿದೆ. ಅವರಿಗೀಗ ನಲವತ್ತು ದಾಟಿರಬೇಕು. ಇವತ್ತು ಈ ಭಾಷಣ ಕೇಳುತ್ತಿರುವವರಲ್ಲಿ ಒಬ್ಬರಿದ್ದರೂ ಇರಬಹುದು.

ಈಗ ನಮ್ಮ ಬೀದಿ ಆ ಬೀದಿಯಲ್ಲ. ಎದುರುಮನೆ ಹೋಗಿ ನಾಲ್ಕು ಮಹಡಿ ಎದ್ದಿದೆ. ಜಗಲಿ ಇದ್ದ ಜಾಗದಲ್ಲಿ ಕಾರು ನಿಲ್ಲುತ್ತದೆ. ಅಜ್ಜಿಯೂ ಇಲ್ಲ, ಮಾಮಿಯೂ ಇಲ್ಲ. ಆಸ್ಪತ್ರೆಗಳಲ್ಲಿ ಹಳೆಯ ಬಟ್ಟೆಯನ್ನು ಹಸುಗೂಸಿಗೆ ಹಾಗೇ ತೊಡಿಸಿದರೆ ಸೋಂಕಿನ ಭಯವಿದೆ, ಆ ಭಯ ಸರಿಯಾದದ್ದೇ. ಆದ್ದರಿಂದ ನಾನು ಕುಂಚಿಗೆಗಳನ್ನು ಕುದಿಸಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಗುರುತಿನವರ ಮನೆಗಳಿಗಷ್ಟೇ ಕೊಡುತ್ತೇನೆ. ಕಳೆದ ವರ್ಷ ನಾಲ್ಕೇ ಆದವು. ಕಣ್ಣು ಸೂಜಿಗೆ ದಾರ ಪೋಣಿಸಲು ಕೇಳುವುದಿಲ್ಲ, ಮೊಮ್ಮಗ ಪೋಣಿಸಿಕೊಟ್ಟ. ಅವನಿಗೆ ತೆಂಗಿನಕಾಯಿಯ ಅಳತೆ ಹೇಳಿಕೊಟ್ಟಿದ್ದೇನೆ. ಫೋನಿನಲ್ಲಿ ಅದರ ಚಿತ್ರ ತೆಗೆದು ಇಟ್ಟುಕೊಂಡಿದ್ದಾನೆ.

ಮೊನ್ನೆ ಶನಿವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಮಾಮಿಯ ಸೊಸೆ, ಕೈಯಲ್ಲೊಂದು ಹಳೆ ಪಂಚೆಯ ಗಂಟು. ಅವರಿಗೂ ಈಗ ಎಪ್ಪತ್ತರ ಹತ್ತಿರ. "ಈ ಸಲ ನವರಾತ್ರಿಗೆ ಮೂರೇ ಮೆಟ್ಟಿಲು ಇಟ್ವಿ, ಫ್ಲ್ಯಾಟಲ್ಲಿ ಜಾಗ ಎಲ್ಲಿ?" ಎನ್ನುತ್ತ ಗಂಟು ಬಿಚ್ಚಿದರು. ಶೆಟ್ಟಿ ಸುಖವಾಗಿದ್ದಾನೆ. ಶೆಟ್ಟಮ್ಮನ ಮೂಗು ಮುಕ್ಕಾಗಿದೆ, ಬಳೆಯ ಬಣ್ಣ ಹೋಗಿದೆ. ಕಾಫಿ ಕುಡಿದು ಹೊರಟವರಿಗೆ ನಾನು ಅವರ ಹೋದ ವರ್ಷದ ಡಬ್ಬಿಯನ್ನು, ಒಳಗೆ ಬೀಜದ ಉಂಡೆ ತುಂಬಿಸಿ ಕೊಟ್ಟೆ.

ಹಬ್ಬಕ್ಕೆ ಇನ್ನು ಹತ್ತು ದಿನ. ಇಂದು ರಾತ್ರಿ ರಾಗಿ ನೆನೆಹಾಕಿ ನಾಳೆ ತಟ್ಟೆಯ ಮಣ್ಣಿಗೆ ಚೆಲ್ಲಿದರೆ ಇಪ್ಪತ್ನಾಲ್ಕಕ್ಕೆ ಪೈರು ಬೆರಳುದ್ದ ಬರುತ್ತದೆ. ಅಷ್ಟರಲ್ಲಿ ಶೆಟ್ಟಮ್ಮನ ಮೂಗಿಗೆ ಒಂದು ಚಿಟಿಕೆ ಜೇಡಿಮಣ್ಣು ಹುಡುಕಬೇಕು.